ಗೆದ್ದವರ ಬಾವುಟದಲ್ಲಿ ಒಂದು ಒಳಮಡಿಕೆ

ಅಮೆರಿಕದ ಚಾಟ್ಸ್‌ವರ್ತ್‌ನಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಬಾವುಟ, ಬ್ಯಾನರು ಹೊಲಿಯುತ್ತೇನೆ. ನನ್ನ ಕೆಲಸದ ಬಗ್ಗೆ ನನಗೆ ಜಂಬವಿದೆ, ಇರಬೇಕಾದ್ದೇ. ಕೊರೋನಾ ಗಲಾಟೆ ಮುಗಿದ ಮೇಲಿನ ಒಂದು ಬೇಸಿಗೆಯಲ್ಲಿ, ಇಲ್ಲೇ ಇನ್ನೊಂದು ಊರಾದ ಪೊವೇಯಿಂದ ತಂಗಿ ಫೋನ್ ಮಾಡಿದಳು.

"ಅಕ್ಕಾ, ನಮ್ ಹುಡುಗೀರ ಬೇಸ್‌ಬಾಲ್ ಟೀಮಿಗೆ ಪೆನಂಟ್ ಬೇಕಂತೆ. ಗ್ರೌಂಡಲ್ಲಿ ಹಾರಿಸ್ತಾರೆ. ನೀನೇ ಮಾಡ್ಕೊಡೇ."

ಪೆನಂಟ್ ಎಂದರೆ ಗೆದ್ದವರ ಬಾವುಟ. ಒಪ್ಪಿಕೊಂಡೆನೇನೋ ಸರಿ, ಆದರೆ ಫೈನಲ್‌ನಲ್ಲಿ ಅವರು ಸೋಲಿಸಿದ್ದು ನನ್ನ ಮಗಳ ಟೀಮನ್ನು. ಕೊನೆಯ ಚೆಂಡು ಎಸೆದವಳು ನನ್ನ ಮಗಳು, ಅದನ್ನು ಬೇಲಿಯಾಚೆ ಅಟ್ಟಿದವಳು ತಂಗಿಯ ಮಗಳು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಆ ಇಬ್ಬರಿಗೂ ಅಂದಿನಿಂದ ಮಾತಿಲ್ಲ. ಈ ದೇಶದಲ್ಲಿ ನಮಗಿರುವ ಬಳಗವೇ ಅಷ್ಟು, ಅದೂ ಮುರಿದುಹೋದರೆ ಎಂದು ನನಗೆ ಹೆದರಿಕೆ.

ಸ್ಟೇಡಿಯಮ್ಮಿನ ಅಂಗಡಿಗಳಲ್ಲಿ ತ್ರಿಕೋನದ ಪೆನಂಟುಗಳನ್ನು ನೋಡಿದ್ದೆನಲ್ಲ, ಹಾಗೇ ಕಂಬಳಿಯಂಥ ದಪ್ಪ ಫೆಲ್ಟ್ ಬಟ್ಟೆ ಕತ್ತರಿಸಿದೆ. ಪಕ್ಕದಲ್ಲಿ ಮುಖ ಊದಿಸಿಕೊಂಡು ಕೂತಿದ್ದ ಮಗಳಿಗೆ ತಡೆಯಲಾಗಲಿಲ್ಲ.

"ಅಮ್ಮಾ, ದಟ್ ವೋಂಟ್ ಫ್ಲೈ."

ಫೋನ್ ಮುಂದೆ ಹಿಡಿದಳು. ಹಡಗಿನ ಕಂಬದ ತುದಿಯಲ್ಲಿ ಹಾರುತ್ತಿದ್ದ ಉದ್ದನೆಯ, ಸಪೂರ ಬಾವುಟವೇ ಪೆನಂಟ್. ಹಳೆಯ ಬೇಸ್‌ಬಾಲ್ ಕ್ಲಬ್ಬುಗಳು ಗೆದ್ದಾಗ ಅಂಥದ್ದನ್ನೇ ಮೈದಾನದಲ್ಲಿ ಹಾರಿಸುತ್ತಿದ್ದವಂತೆ. ಗೋಡೆಗೆ ಅಂಟಿಸುವ ಫೆಲ್ಟು ಅಭಿಮಾನಿಗಳಿಗೆಂದು ಆಮೇಲೆ ಬಂದದ್ದು. ಸೋತವಳೇ ಗೆದ್ದವರ ಬಾವುಟ ಚೆನ್ನಾಗಿ ಹಾರಲಿ ಎನ್ನುತ್ತಿದ್ದಾಳಲ್ಲ ಎಂದು ನನ್ನ ಎದೆ ತುಂಬಿತು. ಬಾಯಲ್ಲಿ ಮಾತ್ರ, "ಅಜ್ಜಿಗೆ ಕೆಮ್ಮು ಕಲಿಸ್ಬೇಡ" ಎಂದೆ.

ತೆಳು ನೈಲಾನ್ ತೆಗೆದುಕೊಂಡು ಮತ್ತೆ ಕೂತೆ. ತುದಿಯಲ್ಲಿ ಗೇಣುದ್ದ ಬಟ್ಟೆಯನ್ನು ಒಳಕ್ಕೆ ಮಡಿಚಿ ಹೊಲಿದದ್ದನ್ನು ಕಂಡು ಮಗಳು "ವೈ?" ಎಂದಳು. ಬೆಂಗಳೂರಿನಲ್ಲಿ ನಮ್ಮಮ್ಮ ಯೂನಿಫಾರ್ಮ್ ಹೊಲಿಯುವಾಗ ಹೀಗೇ ಒಳಗೆ ಬಟ್ಟೆ ಬಿಡುತ್ತಿದ್ದಳು. ಮಗು ಬೆಳೆದಂತೆ ಬಿಚ್ಚಿ ಉದ್ದ ಮಾಡಬಹುದು. ಬಾವುಟವೇನು ಬೆಳೆಯುತ್ತದೆಯೇ? ಕೈಗೆ ಹತ್ತಿದ ರೂಢಿ. ಬಿಚ್ಚಲು ಕತ್ತರಿ ತೆಗೆದರೆ ಮಗಳು ಬೇಡ ಎಂದು ತಲೆಯಾಡಿಸಿದಳು.

ಭಾನುವಾರ ಪೊವೇಗೆ ಡ್ರೈವ್ ಮಾಡಿಕೊಂಡು ಹೋದೆವು. ಬಾವುಟ ಈ ಸೀಸನ್ ಇಲ್ಲೇ ಹಾರಿ, ಮುಂದಿನ ವರ್ಷ ಗೆದ್ದವರ ಹೆಸರು ಸೇರಿಸಿಕೊಂಡು ಅವರ ಊರಿಗೆ ಹೋಗುತ್ತದೆ ಎಂದು ಕೋಚ್ ಹೇಳಿದರು. ತಂಗಿಯ ಮಗಳು ಅದನ್ನು ಹಗ್ಗಕ್ಕೆ ಕಟ್ಟುತ್ತಾ ತುದಿ ಮುಟ್ಟಿ ನೋಡಿದಳು.

"ದೊಡ್ಡಮ್ಮಾ, ವೈ ಈಸ್ ಇಟ್ ಸೋ ಥಿಕ್ ಹಿಯರ್?"

ನಾನು ಬಾಯಿ ತೆರೆಯುವ ಮೊದಲೇ, ಮನೆಯಲ್ಲೂ ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನನ್ನ ಮಗಳು ಹೇಳಿದಳು: "ಒಳಗೆ ಬಟ್ಟೆ ಬಿಟ್ಟಿದೆ. ನೆಕ್ಸ್ಟ್ ಇಯರ್ ನಮ್ಮ ಹೆಸರು ಹಾಕೋಕೆ."

ತಂಗಿಯ ಮಗಳು ಅವಳನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಕಿಸಕ್ಕನೆ ನಕ್ಕು, ಹಗ್ಗದ ಇನ್ನೊಂದು ತುದಿಯನ್ನು ಅವಳ ಕೈಗೆ ಕೊಟ್ಟಳು.