ಮಾವನಿಗೆ ಬೇಕಿದ್ದ ಎರಡು ತೋಟಾ

ನನ್ನ ತವರು ಮೈಸೂರು. ತರಕಾರಿ ಹೆಚ್ಚುವ ಚಾಕುವಿಗಿಂತ ದೊಡ್ಡ ಆಯುಧ ನಮ್ಮ ಮನೆಯಲ್ಲಿ ಇರಲಿಲ್ಲ. ಸೊಸೆಯಾಗಿ ಹೋಗಿದ್ದು ಮಾತ್ರ ಕೊಡವರ ಮನೆಗೆ. ಅವರಲ್ಲಿ ಕೋವಿಗೆ ಹೂ ಮುಡಿಸಿ ಪೂಜೆ ಮಾಡುತ್ತಾರೆ. ಗಂಡು ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಮನೆಯವರು ತೀರಿಕೊಂಡರೆ ಎರಡು ಗುಂಡು. ಊರಿಗೆ ಸುದ್ದಿ ತಿಳಿಸುವ ಕ್ರಮ ಅದು. ಅಮೆರಿಕದ ಡರ್ಹಮ್ಮಿನಲ್ಲಿ ನಾವಿಬ್ಬರೂ ನೆಲೆಸಿದ್ದ ಮನೆ ಊರಾಚೆ ಪೈನ್ ಮರಗಳ ನಡುವೆ ಇತ್ತು. ಅಲ್ಲಿ ಯಾರಿಗೆ ಸುದ್ದಿ ತಿಳಿಸಬೇಕಿತ್ತೋ ನನಗೆ ಗೊತ್ತಿಲ್ಲ, ಆದರೂ ನನ್ನ ಗಂಡ ಜೋಡಿ ನಳಿಗೆಯ ಹಳೆಯ ಕೋವಿಯೊಂದನ್ನು ಕೊಂಡು ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದರು.

ಅತ್ತೆ ಹೋದ ಮೇಲೆ ಮಾವ ನಮ್ಮ ಜೊತೆಗೇ ಇರಲು ಬಂದಿದ್ದರು. ಮೈಸೂರಿನ ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹೃದಯ ದುರ್ಬಲವಾಗಿತ್ತು. ಮೇಲ್‌ಬಾಕ್ಸ್‌ವರೆಗೆ ಹೋಗಿ ಬರುವುದರೊಳಗೆ ಎರಡು ಸಲ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ನಮ್ಮ ಹತ್ತಿರ ಅವರು ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು.

"ನಾನು ಹೋದಾಗ ಎರಡು ಗುಂಡು ಹೊಡೆದುಬಿಡ್ರಪ್ಪ. ಮಿಕ್ಕಿದ್ದು ಇಲ್ಲಿ ಹೇಗೆ ನಡೆಯುತ್ತೋ ಹಾಗೇ ಆಗ್ಲಿ."

ತೊಂಬತ್ತರ ದಶಕದ ನಡುವಿನ ವರ್ಷ ಅದು. ಬಂದೂಕುಗಳ ಮೇಲೆ ಸರ್ಕಾರ ಹೊಸ ಕಾನೂನು ತರುತ್ತಿದೆ ಎಂದು ಟಿವಿಯಲ್ಲಿ ದಿನವೂ ಮಾತು. ಅದರ ಬೆನ್ನಿಗೇ ಗುಲ್ಲೆದ್ದಿತು: ಇನ್ನು ತೋಟಾ ಸಿಗುವುದೇ ಇಲ್ಲವಂತೆ, ಸಿಕ್ಕರೂ ತೆರಿಗೆ ಕಟ್ಟಬೇಕಂತೆ. ತೋಟಾ ಎಂದರೆ ಕೋವಿಗೆ ತುಂಬುವ ಬೆರಳುದ್ದದ ಕೆಂಪು ಕೊಳವೆ, ಅಷ್ಟೇ. ಅದಕ್ಕಾಗಿ ಜನ ಪಿಕಪ್ ಟ್ರಕ್ ತಂದು ಪೆಟ್ಟಿಗೆಗಟ್ಟಲೆ ತುಂಬಿಕೊಂಡು ಹೋದರು. ಬೆಲೆ ಎರಡರಷ್ಟಾಯಿತು, ನೋಡುನೋಡುತ್ತಿದ್ದಂತೆ ಮೂರರಷ್ಟಾಯಿತು.

ನಮ್ಮಲ್ಲಿ ಅರ್ಧ ಪೆಟ್ಟಿಗೆ ಇತ್ತು. ಸೆಪ್ಟೆಂಬರಿನಲ್ಲಿ ಕೋವಿ ಪೂಜೆಯ ಹಬ್ಬ, ಕೈಲ್ ಮುಹೂರ್ತ ಬಂತು. ಶಾರ್ಲೆಟ್‌ನಿಂದ, ಅಟ್ಲಾಂಟದಿಂದ ಕೊಡವ ಸ್ನೇಹಿತರು ಡ್ರೈವ್ ಮಾಡಿಕೊಂಡು ಬಂದರು. ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಇರಲೇಬೇಕು. ಗ್ರೋಸರಿಯಿಂದ ತಂದ ಕಾಯಿಯೊಂದನ್ನು ಪೈನ್ ಮರಕ್ಕೆ ಕಟ್ಟಿದರು. ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವ ಗಂಡಸರು, ಗುರಿ ಎಲ್ಲಿಂದ ಬರಬೇಕು? ಸಂಜೆ ಆ ಕಾಯಿಯನ್ನು ಇಳಿಸಿ ನಾನೇ ಚಟ್ನಿ ಅರೆದೆ. ಅದಕ್ಕೆ ಒಂದು ಚೂರೂ ತಾಗಿರಲಿಲ್ಲ. ಉಳಿದಿದ್ದು ಎರಡು ತೋಟಾ. ಮಾವ ಅವನ್ನು ಕರವಸ್ತ್ರದಲ್ಲಿ ಸುತ್ತಿ ತಮ್ಮ ಬಳಿಯೇ ಇಟ್ಟುಕೊಂಡರು.

ಮುಂದಿನ ತಿಂಗಳು ನನಗೆ ಹೆಣ್ಣು ಮಗುವಾಯಿತು. ಆಸ್ಪತ್ರೆಯಿಂದ ಬಂದು ಮಗುವನ್ನು ಇನ್ನೂ ಮಲಗಿಸಿರಲಿಲ್ಲ, ಹಿತ್ತಲಲ್ಲಿ ಢಂ ಎಂದಿತು. ಮಾವ ಭುಜ ಹಿಡಿದುಕೊಂಡು ಒಳಗೆ ಬಂದರು.

"ಏನಪ್ಪ, ಹೆಣ್ಣು ಮಗುಗೆ ಹೊಡೆಯೋ ಪದ್ಧತಿ ಇಲ್ವಲ್ಲ," ಎಂದರು ನನ್ನ ಗಂಡ.

"ಪದ್ಧತಿ ಮಾಡಿದವರು ನನ್ನ ಮೊಮ್ಮಗಳನ್ನ ನೋಡಿದ್ರಾ?"

ನಾನು ಅತ್ತುಬಿಟ್ಟೆ. ಒಂದು ತೋಟಾ ಹೀಗೆ ಖರ್ಚಾಯಿತು.

ಮುಂದಿನ ಶನಿವಾರ ತೋಟಾ ತರಲು ಅಂಗಡಿಗೆ ಹೋದೆವು. ಕಪಾಟುಗಳು ಖಾಲಿ ಬಿದ್ದಿದ್ದವು. ನಮ್ಮ ಕೋವಿಗೆ ಆಗುವಂಥದ್ದು ಒಂದೇ ಪೆಟ್ಟಿಗೆ ಇತ್ತು, ಹಳೆಯ ಬೆಲೆಯ ಮೇಲೆ ಚೀಟಿ ಅಂಟಿಸಿ ಪೆನ್ನಿನಲ್ಲಿ ಹೊಸ ಬೆಲೆ ಬರೆದಿದ್ದರು. ಗಂಡ ಅದನ್ನು ಕೈಗೆ ತೆಗೆದುಕೊಂಡರು. ನನಗೆ ರೇಗಿತು.

"ಈ ರೇಟಿಗಾ? ತಲೆ ಕೆಟ್ಟಿದ್ಯಾ ನಿಮಗೆ? ಡಯಾಪರ್‌ಗೇ ನಾನು ಕೂಪನ್ ಇಲ್ದೆ ಕೈ ಹಾಕಲ್ಲ. ಸ್ವಲ್ಪ ವೆಯ್ಟ್ ಮಾಡಿ, ಈ ಗಲಾಟೆ ಎಲ್ಲಾ ಇಳಿದ ಮೇಲೆ ಸೇಲ್ ಹಾಕ್ತಾರೆ."

"ಅಪ್ಪಂಗೆ ಕಣೇ."

"ಮಾವ ಚೆನ್ನಾಗಿದಾರೆ. ಬಿಡ್ತು ಅನ್ನಿ."

ಅವರು ಪೆಟ್ಟಿಗೆಯನ್ನು ಕೆಳಗಿಟ್ಟರು. ನಾವು ಬಾಗಿಲು ತಲುಪುವುದರೊಳಗೆ ಬೇರೆ ಯಾರೋ ಅದನ್ನು ಎತ್ತಿಕೊಂಡಿದ್ದರು. ಮನೆಗೆ ಬಂದು, ದುಡ್ಡು ಉಳಿಸಿದ ಕಥೆಯನ್ನು ನಾನೇ ಹೆಮ್ಮೆಯಿಂದ ಮಾವನಿಗೆ ಹೇಳಿದೆ. "ಒಳ್ಳೇದೇ ಮಾಡ್ದೆ ಮಗಳೇ. ನನಗೇನು ಅವಸರ," ಎಂದು ನಕ್ಕರು. ನಾನೂ ನಕ್ಕೆ. ಆ ನಗು ನೆನಪಾದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಆಮೇಲೆ ಪ್ರತಿ ಭಾನುವಾರ ಪೇಪರಿನ ಜಾಹೀರಾತುಗಳನ್ನು ಹುಡುಕುತ್ತಿದ್ದೆ. ಸೇಲ್ ಬರಲಿಲ್ಲ. ಡಿಸೆಂಬರಿನ ಒಂದು ಬೆಳಿಗ್ಗೆ ಮಾವ ಕಾಫಿ ಕುಡಿದು ಲೋಟ ಕೆಳಗಿಟ್ಟವರು ಕುರ್ಚಿಯಲ್ಲೇ ಹೋಗಿಬಿಟ್ಟರು.

ಗಂಡ ಪಕ್ಕದ ಮನೆಯ ಅಜ್ಜನ ಹತ್ತಿರ ಓಡಿದರು. ಅವರ ಕೋವಿಯ ಅಳತೆ ಬೇರೆ, ತೋಟಾ ನಮ್ಮದಕ್ಕೆ ಆಗಲಿಲ್ಲ. ಅಂಗಡಿ ತೆರೆಯುವುದು ಹತ್ತಕ್ಕೆ. ಅಷ್ಟರಲ್ಲಿ ಫ್ಯೂನರಲ್ ಹೋಮಿನವರು ಬಂದು ದೇಹ ತೆಗೆದುಕೊಂಡು ಹೋಗುವವರಿದ್ದರು. ಗಂಡ ಇದ್ದ ಒಂದನ್ನೇ ತುಂಬಿ ಹಿತ್ತಲಿಗೆ ಹೋದರು. ಒಂದು ಗುಂಡು ಹಾರಿತು. ಎರಡನೆಯದು ಇಲ್ಲ ಎಂದು ಗೊತ್ತಿದ್ದರೂ ನಾನು ಮಗುವನ್ನು ಎತ್ತಿಕೊಂಡು ಕಿಟಕಿಯ ಬಳಿ ಕಿವಿಗೊಟ್ಟು ನಿಂತಿದ್ದೆ. ಕೊಡಗಿನಲ್ಲಿ ಯಾರಾದರೂ ಕೇಳಿಸಿಕೊಂಡಿದ್ದರೆ ಆ ಮನೆಯಲ್ಲಿ ಗಂಡು ಮಗು ಹುಟ್ಟಿತು ಅಂದುಕೊಳ್ಳುತ್ತಿದ್ದರು. ಗಂಡ ಒಳಗೆ ಬಂದು ಕೋವಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ನನ್ನನ್ನು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಮೇಲೆ ಕೊಡಗಿನಲ್ಲಿದ್ದ ಮಾವನ ಅಕ್ಕನಿಗೆ ಫೋನ್ ಮಾಡಿದರು. ಅಲ್ಲಿ ಆಗ ರಾತ್ರಿಯ ಊಟದ ಹೊತ್ತು. ಮುದುಕಿಗೆ ಫೋನಿನಲ್ಲಿ ಕೂಗಿ ಮಾತಾಡುವ ಅಭ್ಯಾಸ, ಪಕ್ಕದಲ್ಲಿದ್ದ ನನಗೂ ಕೇಳುತ್ತಿತ್ತು. ಕೊಡವರ ಮಾತು ಅಷ್ಟೊತ್ತಿಗೆ ನನಗೆ ಅರ್ಥವಾಗುತ್ತಿತ್ತು. ಅತ್ತು ಸಮಾಧಾನವಾದ ಮೇಲೆ ಅವರು ಕೇಳಿದ್ದು ಅದನ್ನೇ.

"ಗುಂಡು ಹೊಡೆದ್ಯೇನಪ್ಪ?"

"ಹೊಡೆದೆ."

"ಎರಡೂ?"

ಗಂಡ ತಲೆಯೆತ್ತಿ ನನ್ನ ಮುಖ ನೋಡಿದರು. ಹೆಂಡತಿ ಬೇಡ ಅಂದಳು ಎಂದು ಹೇಳಿದ್ದರೆ ಅದು ನಿಜವೇ ಆಗುತ್ತಿತ್ತು.

"ಹ್ಞೂಂ, ಎರಡೂ ಹೊಡೆದೆ," ಎಂದರು.