ನಾಲ್ಕು ಸುತ್ತು ಹೆಚ್ಚು

ಸುಟ್ಟ ಮೋಟರಿನ ವಾಸನೆ ನಿಮಗೂ ಗೊತ್ತಿರಬೇಕು. ಮಿಕ್ಸರಿನಲ್ಲಿ ಚಟ್ನಿ ಅರೆಯುವಾಗ ಎಂದಾದರೊಮ್ಮೆ ಬಂದೇ ಇರುತ್ತದೆ. ಮನೆಮಂದಿಯೆಲ್ಲ ಮೂಗು ಮುಚ್ಚಿಕೊಂಡು ಸ್ವಿಚ್ಚಿನ ಕಡೆ ಓಡುತ್ತಾರೆ. ನನಗೆ ಮಾತ್ರ ಅದು ಅನ್ನದ ವಾಸನೆ. ಬೈರಿದೇವರಕೊಪ್ಪದ ನನ್ನ ಅಂಗಡಿಯಲ್ಲಿ ಸುಟ್ಟ ಮೋಟರುಗಳ ಹಳೆಯ ತಂತಿ ಬಿಚ್ಚಿ ಹೊಸ ತಂತಿ ಸುತ್ತುವುದೇ ಕೆಲಸ. ಈಚೆಗೆ ಆ ವಾಸನೆಯೂ ಕಡಿಮೆಯಾಗಿದೆ. ಸುಟ್ಟದ್ದನ್ನು ಬಿಸಾಡಿ ಹೊಸದು ತರುವ ಕಾಲ. ನನ್ನ ಸೊಂಟ ಹಿಡಿದಿದೆ, ಕನ್ನಡಕದ ನಂಬರು ಏರಿದೆ, ಇಪ್ಪತ್ತು ಸುತ್ತು ಎಣಿಸುವಷ್ಟರಲ್ಲಿ ಹದಿನೇಳೋ ಹದಿನೆಂಟೋ ಎಂದು ಅನುಮಾನ.

ಇವತ್ತು ಬೆಳಿಗ್ಗೆ ಅಂಥದೊಂದು ಮೋಟರು ಬಿಚ್ಚಿಕೊಂಡು ಕೂತಿದ್ದೆ. ಹನ್ನೊಂದು ವರ್ಷದಿಂದ ನನ್ನ ಜೊತೆ ಕೆಲಸ ಮಾಡುವ ರೇಣುಕಾ ಎದುರಿಗೆ ಬಂದು ನಿಂತಳು. ನಲವತ್ತರ ಹತ್ತಿರದ ಹೆಂಗಸು, ಮಾತು ಕಡಿಮೆ.

"ಅಣ್ಣಾರ, ಲಕಮನಹಳ್ಳ್ಯಾಗ ನಂದೂ ಒಂದು ಅಂಗಡಿ ಹಾಕ್ಬೇಕಂತ ಮಾಡೇನ್ರಿ. ಹಾಕ್ಲ್ಯೋ ಬ್ಯಾಡೋ, ನೀವ ಹೇಳ್ರಿ."

"ಚಹಾ ಕುಡದು ಹೇಳ್ತೇನಿ ತಡಿಯವ್ವಾ," ಎಂದೆ. ಎರಡು ಸಲ ಚಹಾ ಬಂದು ಹೋಯಿತು. ನಾನು ತಂತಿ ಬಿಚ್ಚುತ್ತಲೇ ಕೂತೆ. ಯಾಕೆಂದರೆ ಈ ಪ್ರಶ್ನೆಯನ್ನು ನಾನು ಕೇಳಬೇಕಾದವರಿಗೆ ಕೇಳದೆ ಬಂದವನು.

ಹುಬ್ಬಳ್ಳಿಯಲ್ಲಿ ಈರಪ್ಪ ಕಾಕಾನ ಅಂಗಡಿಯಲ್ಲಿ ನಾನು ಹದಿನಾರು ವರ್ಷ ಇದ್ದೆ. ಅವರು ನನಗೆ ಸಂಬಂಧಿಕರಲ್ಲ, ಇಡೀ ಓಣಿಗೇ ಕಾಕಾ. ಅವರ ಹತ್ತಿರ ಒಂದು ದಪ್ಪ ಪುಸ್ತಕ ಇತ್ತು. ಯಾವ ಮೋಟರಿಗೆ ಎಷ್ಟು ಸುತ್ತು, ಎಷ್ಟು ದಪ್ಪದ ತಂತಿ, ಎಲ್ಲ ಅದರಲ್ಲಿ. ನಮ್ಮ ಕಸುಬಿನಲ್ಲಿ ಆ ಪುಸ್ತಕವೇ ಅಂಗಡಿ. ಉಳಿದ ಸಾಮಾನೆಲ್ಲ ಬಜಾರದಲ್ಲಿ ಸಿಗುತ್ತದೆ. ಕಾಕಾನ ಅಕ್ಷರ ಅವರಿಗೇ ಓದಲು ಬರುತ್ತಿರಲಿಲ್ಲವಾದ್ದರಿಂದ ಮುಕ್ಕಾಲು ಪುಸ್ತಕ ಬರೆದವನು ನಾನೇ.

ಸ್ವಂತ ಅಂಗಡಿಯ ಹುಚ್ಚು ಯಾಕೆ ಹಿಡಿಯಿತೆಂದು ಹೇಳಿದರೆ ನಗುತ್ತೀರಿ. ಕಾಕಾನ ಕುರ್ಚಿಗೆ ಕೈ ಇದ್ದವು, ನನ್ನ ಸ್ಟೂಲಿಗೆ ಇರಲಿಲ್ಲ. ಹೆಂಡತಿಗೆ ಇದನ್ನು ಹೇಳಿಕೊಂಡಾಗ, "ಕುರ್ಚಿ ಬೇಕಾದ್ರ ಒಂದು ತಂದ್ಕೋರಿ, ಅದಕ್ಯಾಕ ಅಂಗಡಿ?" ಎಂದು ರೊಟ್ಟಿ ಬಡಿಯುತ್ತಲೇ ಕೇಳಿದಳು. ಅವಳ ಮಾತು ಸರಿ, ಆದರೆ ನನಗೆ ಹಟ.

ಮಧ್ಯಾಹ್ನ ಕಾಕಾ ಊಟಕ್ಕೆ ಮನೆಗೆ ಹೋದ ಮೇಲೆ ಆ ಪುಸ್ತಕವನ್ನು ನನ್ನ ನೋಟ್‌ಬುಕ್ಕಿಗೆ ಇಳಿಸಿಕೊಳ್ಳತೊಡಗಿದೆ. ನಾಲ್ಕು ತಿಂಗಳು ಹಿಡಿಯಿತು. ಅವರು ಸುಮ್ಮನೆ ಕೆಮ್ಮಿದರೂ ನನ್ನ ಕೈ ಆ ನೋಟ್‌ಬುಕ್ಕಿದ್ದ ಚೀಲದ ಮೇಲೆ ಹೋಗುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತಲ್ಲ, ಹಾಗೆ. ಒಂದು ಮಾತು ಕೇಳಬಹುದಿತ್ತು. ಆದರೆ ಪುಸ್ತಕ ಕೇಳಿದರೆ ಬಿಟ್ಟು ಹೋಗುತ್ತೇನೆಂದೂ ಹೇಳಬೇಕು. ಕೊನೆಗೆ ಬೆನ್ನು ನೋವೆಂದು ಸುಳ್ಳು ಹೇಳಿ ಕೆಲಸ ಬಿಟ್ಟೆ. "ಆತು, ಛಲೋ ಆಗ್ಲಿ," ಎಂದರು ಕಾಕಾ, ಅಷ್ಟೇ.

ಕೈ ಇರುವ ಕುರ್ಚಿ ಹಾಕಿಸಿಕೊಂಡು ಅಂಗಡಿ ತೆರೆದೆ. ಬೋಣಿಗೆಗೆ ಬಂದದ್ದೇ ಒಂದು ಹಿಟ್ಟಿನ ಗಿರಣಿಯ ಮೋಟರು. ಮೊದಲು ಕಾಕಾನ ಹತ್ತಿರ ಬರುತ್ತಿದ್ದ ಗಿರಣಿಯವರು ನನ್ನ ಮೇಲಿನ ಪ್ರೀತಿಗೆ ತಂದಿದ್ದರು. ನೋಟ್‌ಬುಕ್ ತೆರೆದು, ಬರೆದಷ್ಟೇ ಸುತ್ತಿ, ವಾರ್ನಿಷ್ ಒಣಗಿಸಿ, ನಾನೇ ಹೋಗಿ ಕೂಡಿಸಿದೆ. ಅರ್ಧ ತಾಸಿಗೆ ಹೊಗೆ ಎದ್ದಿತು. ಜೋಳದ ಡಬ್ಬಿ ಹಿಡಿದು ಸಾಲಿನಲ್ಲಿ ನಿಂತ ಹೆಣ್ಣುಮಕ್ಕಳು ಸೆರಗು ಮೂಗಿಗೆ ಹಿಡಿದು ನನ್ನನ್ನೇ ನೋಡಿದರು. ಗಿರಣಿಯವರು ಬೈಯಲಿಲ್ಲ. "ಕಾಕಾ ಸುತ್ತಿದ್ದು ವರ್ಷಗಟ್ಲೆ ನಡೀತಿತ್ತಲ್ರಿ," ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಮೋಟರನ್ನು ಆಟೋದಲ್ಲಿ ಹಾಕಿಕೊಂಡು, ಮುಖ ಕೆಳಗೆ ಮಾಡಿಕೊಂಡು, ಕಾಕಾನ ಎದುರಿಗೆ ಹೋಗಿ ನಿಂತೆ. ಅವರು ಸುಟ್ಟ ತಂತಿಯನ್ನು ಉಗುರಿನಿಂದ ಎಣಿಸಿದರು.

"ಪುಸ್ತಕದಾಗ ಇದ್ದಷ್ಟ ಸುತ್ತೀಯಲ್ಲ? ಈ ಮೋಟರ್ ಬಂದಾಗೆಲ್ಲ ನಾಲ್ಕು ಸುತ್ತು ಹೆಚ್ಚು ಹಾಕು ಅಂತ ನಾ ಹೇಳತಿದ್ದಿಲ್ಲೇನು?"

ಹೇಳುತ್ತಿದ್ದರು. ಪ್ರತಿ ಸಲವೂ ಹೇಳುತ್ತಿದ್ದರು. ಮುದುಕರ ಒಂದು ಚಾಳಿ ಎಂದುಕೊಂಡು ಆಗಿನ ಮಟ್ಟಿಗೆ ಹಾಕಿ ಮರೆತುಬಿಡುತ್ತಿದ್ದೆ.

"ಮತ್ತ ಪುಸ್ತಕದಾಗ ಯಾಕ ತಿದ್ದಲಿಲ್ರಿ ಕಾಕಾ?"

"ನೀ ಇದ್ದೆಲ್ಲೋ ತಮ್ಮಾ. ಬಾಯಿಲೆ ಹೇಳತಿದ್ದೆ." ಆಮೇಲೆ ದನಿ ತಗ್ಗಿಸಿ, "ಕೇಳಿದ್ರ ಕೊಡತಿದ್ದಿಲ್ಲೇನು? ತಪ್ಪಿದ್ದ ಪುಟಾನೂ ತೋರಸ್ತಿದ್ದೆ," ಎಂದರು.

ಅವರಿಗೆ ಎಲ್ಲ ಗೊತ್ತಿತ್ತು. ಆ ದಿನ ಹಳೆಯ ಸ್ಟೂಲಿನ ಮೇಲೆ ಕೂತು ಅವರ ಎದುರೇ ಆ ಮೋಟರು ಮತ್ತೆ ಸುತ್ತಿದೆ. ಇನ್ನು ಯಾವ ಯಾವ ಪುಟ ತಪ್ಪಿವೆ ಎಂದು ಕೇಳಲು ಮುಖ ಇರಲಿಲ್ಲ. ಒಂದೊಂದೇ ಮೋಟರು ಸುಟ್ಟುಕೊಂಡು ಕಲಿತೆ. ಕಾಕಾ ಈಗಿಲ್ಲ. ಕೇಳಿದ್ದರೆ ಕೊಡುತ್ತಿದ್ದೆ ಎಂದ ಅವರ ಆ ಮಾತು ನೆನಪಾದಾಗ ಈಗಲೂ ನಾಚಿಕೆಯಾಗುತ್ತದೆ.

ಹಾಗಾದರೆ ರೇಣುಕಾಗೆ ಏನು ಹೇಳಲಿ, ನೀವೇ ಹೇಳಿ. ಬೇಡ ಎನ್ನಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ಈ ಕಸುಬಿನಲ್ಲಿ ಇನ್ನೇನೂ ಉಳಿದಿಲ್ಲ ಎನ್ನುವುದು ಒಂದು ಕಾರಣ. ಅವಳು ಹೋದರೆ ನನ್ನ ಸುತ್ತು ಎಣಿಸುವವರು ಯಾರು ಎನ್ನುವುದು ಇನ್ನೊಂದು. ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ.

ಅಷ್ಟರಲ್ಲಿ ಅವಳೇ ಮತ್ತೆ ಬಂದಳು. "ಇನ್ನೊಂದು ಮಾತ್ರೀ ಅಣ್ಣಾರ. ಆ ನೋಟ್‌ಬುಕ್ ನಾ ಬರ್ಕೋಬಹುದೇನ್ರಿ? ಕೇಳದ ಮುಟ್ಟೂದು ಛಲೋ ಅಲ್ಲ."

ನನಗೆ ನಾಲ್ಕು ತಿಂಗಳು ಬಾಯಿಗೆ ಬಾರದ ಮಾತು ಅದು. ನೋಟ್‌ಬುಕ್ ತೆಗೆದು ಕೊಡಹೊರಟು ಗಿರಣಿ ಮೋಟರಿನ ಪುಟ ತಿರುವಿದೆ. ಹಳೆಯ ತಪ್ಪು ಅಂಕಿ ಹಾಗೇ ಕೂತಿತ್ತು. ಅಷ್ಟೆಲ್ಲ ಅನುಭವಿಸಿದ ಮೇಲೂ ನಾನೂ ತಿದ್ದಿರಲಿಲ್ಲ. ಹನ್ನೊಂದು ವರ್ಷ ರೇಣುಕಾಗೆ ನಾನೂ ಬಾಯಿಂದ ಹೇಳುತ್ತಲೇ ಬಂದಿದ್ದೆ.

"ಇದನ್ನ ಹಿಂಗ ಬರ್ಕೋಬ್ಯಾಡವ್ವಾ, ತಪ್ಪೈತಿ. ಪೆನ್ನು ತಾ, ತಿದ್ದಿ ಕೊಡ್ತೇನಿ," ಎಂದೆ. ಆದರೆ ತಪ್ಪಿದ್ದ ಪುಟ ಒಂದೆರಡಲ್ಲ, ಎಲ್ಲಿಂದ ಶುರು ಮಾಡುವುದೆಂದು ತಿಳಿಯಲಿಲ್ಲ. ನೆನಪೂ ಮೊದಲಿನಂತಿಲ್ಲ.

ಅವಳು ಸ್ಟೂಲು ಎಳೆದುಕೊಂಡಳು. "ಗಿರಣಿದಕ್ಕ ನಾಲ್ಕು ಹೆಚ್ಚು ಬರೀರಿ. ಒಂಬತ್ತನೇ ಪುಟದ ಪಂಪಿಗೆ ಎರಡು ಕಡಿಮಿ. ಅದರ ಹಿಂದಿಂದಕ್ಕ ತಂತಿ ಒಂದು ನಂಬರ್ ದಪ್ಪ. ನೀವ ಹೇಳಿದ್ರಲ್ರಿ."

ಅವಳು ಹೇಳುತ್ತ ಹೋದಳು, ನಾನು ತಿದ್ದುತ್ತ ಹೋದೆ. ಹೇಳಿದ್ದೊಂದನ್ನೂ ಅವಳು ಮರೆತಿರಲಿಲ್ಲ.

"ಅಂಗಡಿ ಹಾಕವ್ವಾ," ಎಂದೆ.

"ಹೂನ್ರಿ," ಎಂದಳು. "ಮುಂದಿನ ಪುಟ ತೆಗೀರಿ."