ಬೋರಿವಲಿಯಲ್ಲಿ ಇಳಿಯಬೇಕಿದ್ದ ಮುತಾಲೆ

ರೈಲು ಬೋರಿವಲಿ ಸ್ಟೇಶನ್ನಿಗೆ ಬಂದು ನಿಂತಿತು. ನಮ್ಮನ್ನು ಇಳಿಯಲು ಬಿಡಲಿಲ್ಲ. ಟಿಕೆಟ್ ಇತ್ತು, ಸ್ಟೇಶನ್ ನಮ್ಮದೇ, ಬಾಗಿಲೂ ತೆರೆದಿತ್ತು. ಆದರೆ ಬಾಗಿಲ ತುಂಬ ನಿಂತಿದ್ದ ಹೆಂಗಸರು ಒಂದು ಹೆಜ್ಜೆಯೂ ಸರಿಯಲಿಲ್ಲ. ಧಾರವಾಡದಲ್ಲಿ ನಾನು ಸಿಟಿ ಬಸ್ಸಿನಲ್ಲಿ ನಿದ್ದೆ ಹೋದರೆ ಕಂಡಕ್ಟರ್ "ಏಳವಾ ತಂಗಿ, ನಿನ್ನ ಸ್ಟಾಪ್ ಬಂತು" ಎಂದು ಎಬ್ಬಿಸಿ ಇಳಿಸುತ್ತಿದ್ದ. ಇಳಿಯುವವರನ್ನು ತಡೆಯುವ ಊರೂ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಇದೆಲ್ಲ ಆಗಿ ವರ್ಷವಾಗುತ್ತ ಬಂತು. ಈಗಲೂ ಲೋಕಲ್ ರೈಲಿನಲ್ಲಿ ಬೋರಿವಲಿಗೆ ಎರಡು ಸ್ಟೇಶನ್ ಇರುವಾಗಲೇ ಎದ್ದು ಬಾಗಿಲಿಗೆ ಹೋಗಿ ನಿಲ್ಲುತ್ತೇನೆ.

ದೈಹಿಕ ಶಿಕ್ಷಣದಲ್ಲಿ ಡಿಗ್ರಿ ಮುಗಿಸಿ ನಾನು ಮುಂಬೈಯ ಗೋರೆಗಾಂವ್‌ನ ಒಂದು ಟೆನಿಸ್ ಅಕಾಡೆಮಿಯ ಆಫೀಸಿಗೆ ಸೇರಿದೆ. ಟೂರ್ನಮೆಂಟಿಗೆಂದು ಹೊರದೇಶದಿಂದ ಬರುವ ಆಟಗಾರ್ತಿಯರ ವಸತಿ, ಊಟ, ಓಡಾಟ ನೋಡಿಕೊಳ್ಳುವುದು ನನ್ನ ಕೆಲಸ. ಇರುವುದು ಬೋರಿವಲಿಯ ಹಳೆಯ ಬಿಲ್ಡಿಂಗಿನಲ್ಲಿ, ಬೆಳಗಾವಿ ಕಡೆಯ ಸುಮಿತ್ರಕ್ಕನ ಮನೆಯಲ್ಲಿ. ಮೊದಲ ತಿಂಗಳುಗಳಲ್ಲಿ ಇಡೀ ದಿನಕ್ಕೆ ನಾನಾಡುತ್ತಿದ್ದ ಕನ್ನಡವೆಲ್ಲ ಅವರ ಅಡುಗೆಮನೆಯಲ್ಲೇ. ಅವರ ಮಗಳು ನನ್ನ ಕನ್ನಡಕ್ಕೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು. ಊರಿನಲ್ಲಿ ಅಂಗಳ ದಾಟಿದರೆ ಮಾತಿಗೆ ಯಾರಾದರೂ ಸಿಗುತ್ತಿದ್ದರು. ಇಲ್ಲಿ ಎದುರು ಮನೆಯ ಬಾಗಿಲಿನ ಚಪ್ಪಲಿಗಳಷ್ಟೇ ನನಗೆ ಪರಿಚಯ.

ಹೀಗಿರುವಾಗ ಮುತಾಲೆ ಬಂದಳು. ಜಾಂಬಿಯಾ ದೇಶದ ಕಿಟ್ವೆ ಎಂಬ ಗಣಿ ಊರಿನವಳು, ಇಪ್ಪತ್ತು ವರ್ಷ. ಅವಳಪ್ಪ ಗಣಿಯವರ ಕ್ಲಬ್ಬಿನಲ್ಲಿ ಟೆನಿಸ್ ಅಂಕಣಕ್ಕೆ ಸುಣ್ಣದ ಗೆರೆ ಎಳೆಯುವ ಕೆಲಸದವನು. ಸಾಹೇಬರು ಬಿಟ್ಟುಹೋದ, ಜೂಲು ಸವೆದ ಚೆಂಡುಗಳನ್ನು ಗೋಡೆಗೆ ಹೊಡೆಯುತ್ತ ಕಲಿತ ಹುಡುಗಿ ಹದಿನಾಲ್ಕನೆಯ ವಯಸ್ಸಿಗೆ ಒಬ್ಬಳೇ ಮೊರಾಕೊ ದೇಶದ ತರಬೇತಿ ಶಾಲೆಗೆ ಹೋದಳು. ಆಫ್ರಿಕಾದ ಜೂನಿಯರ್ ಪಂದ್ಯಗಳಲ್ಲಿ ಗೆದ್ದಳು. ಮುಂಬೈಗೆ ಬರುವ ಹಿಂದಿನ ವರ್ಷ ಎರಡು ಸಣ್ಣ ಟೂರ್ನಮೆಂಟ್ ಗೆದ್ದಿದ್ದಳು. ಇಲ್ಲಿಯ ಅರ್ಹತಾ ಪಂದ್ಯಗಳನ್ನು ದಾಟಿ ಮುಖ್ಯ ಸುತ್ತಿನಲ್ಲಿ ಒಂದಿಷ್ಟು ಅಂಕ ಗಳಿಸಿದರೆ, ಗ್ರ್ಯಾಂಡ್ ಸ್ಲಾಮ್‌ನ ಬಾಗಿಲಿಗೆ ಹೋಗಿ ನಿಲ್ಲುವಷ್ಟು ಮೇಲೇರುತ್ತಿದ್ದಳು. ಅವಳ ದೇಶದ ಯಾವ ಹೆಣ್ಣುಮಗಳೂ ಅಲ್ಲಿಯವರೆಗೆ ಹೋಗಿಲ್ಲ ಎಂದು ಅವಳೇ ಹೇಳಿದ್ದಳು, ಜಂಬವಿಲ್ಲದೆ.

ಅವಳ ಬಲವೆಲ್ಲ ಸರ್ವ್‌ನಲ್ಲಿ, ಅಂದರೆ ಬಲಗೈಯ ಮಣಿಕಟ್ಟಿನಲ್ಲಿ. ಹೋಟೆಲಿನ ಖರ್ಚು ಉಳಿಯಲೆಂದು ಸುಮಿತ್ರಕ್ಕನ ಮನೆಯ ನನ್ನ ಕೋಣೆಯಲ್ಲೇ ಉಳಿದಿದ್ದಳು. ಅಲ್ಲಿ ನೀರಿನ ಬಾಟಲಿ ತೆರೆಯುವುದಕ್ಕೂ, ಬಕೆಟ್ ಎತ್ತುವುದಕ್ಕೂ ಎಡಗೈಯನ್ನೇ ಬಳಸುತ್ತಿದ್ದಳು. ಒಂದು ದಿನ ತಾನೇ ನ್ಶೀಮಾ ಮಾಡಿದಳು. ಅವರ ಕಡೆಯ ದಿನನಿತ್ಯದ ಊಟ ಅದು, ಮೆಕ್ಕೆಜೋಳದ ಹಿಟ್ಟನ್ನು ಕುದಿನೀರಿನಲ್ಲಿ ತಿರುವಿ ಗಟ್ಟಿ ಮಾಡಿದ್ದು.

ಸುಮಿತ್ರಕ್ಕ ಒಂದು ತುತ್ತು ಮುರಿದು ನನ್ನ ಮುಖ ನೋಡಿದರು. "ಇದು ನಮ್ಮ ಗೋವಿನಜ್ವಾಳದ ಸಂಗಟಿ ಅಲ್ಲೇನ? ಆಫ್ರಿಕಾದಿಂದ ಬಂದು ನನಗ ಸಂಗಟಿ ಕಲಿಸಾಕ ಹತ್ಯಾಳ ನೋಡು."

ನಾವು ಆ ರೈಲು ಹತ್ತಿದ ದಿನ ದಕ್ಷಿಣ ಮುಂಬೈಯ ಕ್ಲಬ್ಬೊಂದರಲ್ಲಿ ಅವಳು ಮೊದಲ ಅರ್ಹತಾ ಪಂದ್ಯ ಗೆದ್ದಳು. ಮರುದಿನ ಬೆಳಿಗ್ಗೆ ಎರಡನೆಯದು. ಅದನ್ನೂ ಗೆದ್ದರೆ ಮುಖ್ಯ ಸುತ್ತು. ಸಂಜೆ ನಮ್ಮ ಟ್ಯಾಕ್ಸಿಯವನು ಹೈವೇ ಮೇಲೆ ಸಿಕ್ಕಿಕೊಂಡಿದ್ದೇನೆ, ಒಂದು ತಾಸಾದರೂ ಬೇಕು ಎಂದು ಫೋನ್ ಮಾಡಿದ. ಅವಳಿಗೆ ಬೇಗ ಉಂಡು ಮಲಗಬೇಕಿತ್ತು. ಆಟಗಾರ್ತಿಯರನ್ನು ಲೋಕಲ್ ಹತ್ತಿಸಬಾರದೆಂದು ಆಫೀಸಿನ ನಿಯಮವಿತ್ತು. ನಾನು ಮುಂಬೈಗೆ ಬಂದು ಎಂಟು ತಿಂಗಳಾಗಿತ್ತು.

"ಲೋಕಲ್‌ನಲ್ಲಿ ಹೋಗೋಣ ಬಾ, ನನಗೆ ಗೊತ್ತು" ಎಂದೆ.

ಆ ಮಾತನ್ನು ಆಮೇಲೆ ಎಷ್ಟು ಸಲ ನನಗೆ ನಾನೇ ಹೇಳಿಕೊಂಡಿದ್ದೇನೋ. ಚರ್ಚ್‌ಗೇಟಿನಲ್ಲಿ ಬೋರಿವಲಿ ಗಾಡಿ ಕಿಕ್ಕಿರಿದಿತ್ತು. ಪಕ್ಕದ ಪ್ಲಾಟ್‌ಫಾರ್ಮಿಗೆ ಆಗಷ್ಟೇ ಬಂದ, ಬೋರಿವಲಿಯಾಚೆಯ ವಿರಾರ್‌ಗೆ ಹೋಗುವ ಫಾಸ್ಟ್ ಗಾಡಿಯ ಲೇಡೀಸ್ ಡಬ್ಬಿಯಲ್ಲಿ ಸೀಟು ಖಾಲಿ. ಅದೂ ಬೋರಿವಲಿಯಲ್ಲಿ ನಿಲ್ಲುತ್ತದೆ. ನನ್ನ ಜಾಣತನಕ್ಕೆ ನಾನೇ ಖುಷಿಪಟ್ಟು ಅವಳನ್ನು ಕಿಟಕಿಗೆ ಕೂರಿಸಿದೆ. ಗೋರೆಗಾಂವ್‌ನಿಂದ ಬೋರಿವಲಿಗೆ ದಿನವೂ ಎಲ್ಲ ಸ್ಟೇಶನ್ನಿನಲ್ಲೂ ನಿಲ್ಲುವ ಸ್ಲೋ ಗಾಡಿಯಲ್ಲಿ ಓಡಾಡುವ ನನಗೆ ಒಂದು ಸಂಗತಿ ತಿಳಿದಿರಲಿಲ್ಲ. ವಿರಾರ್‌ನವರದು ಬಹಳ ದೂರದ ದಾರಿ, ಅವರಿಗಿರುವುದು ಈ ಗಾಡಿಗಳಷ್ಟೇ. ಬೇರೆ ಗಾಡಿಯಿರುವ ಬೋರಿವಲಿಯವರು ಇದನ್ನು ಹತ್ತಿದರೆ ಅವರು ಇಳಿಯಗೊಡುವುದಿಲ್ಲ.

ಅಂಧೇರಿಯಲ್ಲಿ ಜನ ನುಗ್ಗಿದರು. ಟಿಫಿನ್ ಚೀಲ ಹಿಡಿದ ಐವತ್ತರ ಹೆಂಗಸೊಬ್ಬಳು ಕೂತವರನ್ನೆಲ್ಲ ಕೇಳುತ್ತ ಬಂದಳು. "ಕಹಾಂ ಉತರನಾ ಹೈ?" ಎಲ್ಲಿ ಇಳಿಯುತ್ತೀ ಎಂಬ ಈ ಪ್ರಶ್ನೆ ಇಲ್ಲಿ ಕ್ಷೇಮಸಮಾಚಾರವಲ್ಲ, ಸೀಟು ಕಾಯ್ದಿರಿಸುವ ರೀತಿ.

"ಬೋರಿವಲಿ."

"ಬೋರಿವಲಿವಾಲಿ ವಿರಾರ್ ಮೇಂ ಕಾಯ್ಕೋ ಚಢೀ? ಅಬ್ ವಿರಾರ್ ದೇಖ್ ಕೇ ಆನಾ." ವಿರಾರ್ ಗಾಡಿ ಯಾಕೆ ಹತ್ತಿದೆ, ಈಗ ವಿರಾರ್ ನೋಡಿಕೊಂಡೇ ಬಾ ಎಂದಳು.

"ಸಾಥ್ ಮೇಂ ಸಿತಾರ್‌ವಾಲಿ ಭೀ ಹೈ" ಎಂದು, ಜೊತೆಗೆ ಸಿತಾರ್ ಬಾರಿಸುವವಳೂ ಇದ್ದಾಳೆ ಎಂಬಂತೆ, ಇನ್ನೊಬ್ಬಳು ಮುತಾಲೆಯ ರ‍್ಯಾಕೆಟ್ ಚೀಲ ತೋರಿಸಿದಳು. ಡಬ್ಬಿಯೇ ನಕ್ಕಿತು. ಏನೆಂದು ತಿಳಿಯದ ಮುತಾಲೆಯೂ ನಕ್ಕಳು.

ಬೋರಿವಲಿ ಬಂದಾಗ ಯಾರೂ ನಗುತ್ತಿರಲಿಲ್ಲ. ಹೊರಗಿನಿಂದ ಹತ್ತುವವರು ನೂಕಿದರು, ಒಳಗಿನವರು ಜಾಗ ಬಿಡಲಿಲ್ಲ. ನಾನು ತಲೆ ಬಗ್ಗಿಸಿ ನುಸುಳಿದೆ. ಯಾರದೋ ಮೊಣಕೈ ಬಡಿದು ಪ್ಲಾಟ್‌ಫಾರ್ಮಿನ ಮೇಲೆ ಮೊಣಕಾಲೂರಿ ಬಿದ್ದೆ. ಎದ್ದು ತಿರುಗಿದರೆ ಮುತಾಲೆ ಬಾಗಿಲಲ್ಲಿದ್ದಳು. ಬೆನ್ನ ಚೀಲ ಒಳಗಿನವರ ನಡುವೆ ಸಿಕ್ಕಿಕೊಂಡಿತ್ತು. ಒಂದು ಕಾಲು ಹೊರಗೆ. ಬಾಗಿಲ ನಡುವಿನ ಕಂಬವನ್ನು ಬಲಗೈಯಲ್ಲಿ ಹಿಡಿದಿದ್ದಳು. ಗಾಡಿ ಹೊರಟಿತು.

ನಾನು ಜೊತೆಗೆ ಓಡಿದೆ. ಅವಳ ಮೈಭಾರವೆಲ್ಲ ಆ ಒಂದು ಕೈಮೇಲೆ ತಿರುಚಿಕೊಂಡದ್ದನ್ನು ಕಂಡೆ. ಹಿಡಿದುಕೋ ಎಂದು ಕೂಗಿದೆನೋ ಬಿಡು ಎಂದು ಕೂಗಿದೆನೋ, ಇಂದಿಗೂ ನೆನಪಿಲ್ಲ. ಪ್ಲಾಟ್‌ಫಾರ್ಮಿನ ಕೊನೆ ಎದುರಿಗೆ ಬರುತ್ತಿತ್ತು. ಒಳಗಿನಿಂದ ಒಂದು ಕೈ ಬಂದು ಅವಳ ಚೀಲವನ್ನು ಹಿಡಿದಂತೆ ಕಂಡಿತು. ಅಷ್ಟರಲ್ಲಿ ಗಾಡಿ ಹೋಯಿತು.

ಅವಳ ಫೋನ್ ನನ್ನ ಬ್ಯಾಗಿನಲ್ಲಿತ್ತು. ಹಳಿಗಳ ಕಡೆ ನೋಡಲು ಧೈರ್ಯವಾಗಲಿಲ್ಲ. ನೋಡುತ್ತಿರುವವರ ಮುಖಗಳನ್ನು ನೋಡಿದೆ. ಯಾರೂ ಬಾಯಿಗೆ ಕೈ ಇಟ್ಟುಕೊಂಡಿರಲಿಲ್ಲ. ಮುಂದಿನ ಗಾಡಿ ಹತ್ತಿ, ಆ ಫಾಸ್ಟ್ ಮುಂದೆ ನಿಲ್ಲುವ ಭಾಯಂದರ್ ಮುಟ್ಟುವವರೆಗೆ ಅದೊಂದನ್ನೇ ಹಿಡಿದುಕೊಂಡಿದ್ದೆ.

ಭಾಯಂದರ್‌ನ ಬೆಂಚಿನ ಮೇಲೆ ಮುತಾಲೆ ಕೂತಿದ್ದಳು. ಪಕ್ಕದಲ್ಲಿ ಟಿಫಿನ್ ಚೀಲದ ಅದೇ ಹೆಂಗಸು, ತನ್ನ ಓಢಣಿಯಲ್ಲಿ ಜ್ಯೂಸ್ ಅಂಗಡಿಯ ಐಸ್ ಕಟ್ಟಿ ಅವಳ ಮಣಿಕಟ್ಟಿಗೆ ಒತ್ತಿ ಹಿಡಿದಿದ್ದಳು.

"ಅಯ್ಯೋ ದೇವ್ರ, ಬದುಕಿದಿ" ಎಂದು ಓಡಿ ಹೋಗಿ ಅವಳ ಭುಜ ಹಿಡಿದೆ.

ಹೆಂಗಸು ತಲೆಯೆತ್ತಿದಳು. "ಕನ್ನಡದವಳಾ ನೀನು? ಎಂಥ ಹುಡುಗಿ ಮಾರಾಯ್ತಿ, ಬೋರಿವಲಿಗೆ ಹೋಗ್ಲಿಕ್ಕೆ ವಿರಾರ್ ಗಾಡಿ ಹತ್ತುದಾ?"

ಉಡುಪಿ ಕಡೆಯವರು. ಅಂಧೇರಿಯ ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲಸ.

"ನಾವು ಕನ್ನಡದವ್ರಂತ ಮೊದ್ಲ ಗೊತ್ತಿದ್ರ ಇಳ್ಯಾಕ ಬಿಡ್ತಿದ್ರೇನ್ರಿ?" ಎಂದು ಕೇಳಿದೆ. ಧ್ವನಿಯಲ್ಲಿ ಸಿಟ್ಟಿತ್ತು.

"ಇಲ್ಲ. ಸುಳ್ಳು ಯಾಕೆ ಹೇಳುದು? ಇಪ್ಪತ್ತು ವರ್ಷದಿಂದ ನಿಂತ್ಕೊಂಡೇ ಹೋಗ್ತಾ ಇದ್ದೇನೆ ನಾನು." ಐಸಿನ ಗಂಟನ್ನು ತಿರುಗಿಸಿ ಇಟ್ಟರು. "ಆದ್ರೆ ಬೀಳ್ಲಿಕ್ಕೆ ಬಿಡುದಿಲ್ಲ ಯಾರನ್ನೂ."

ಐಸ್ ಕರಗುವವರೆಗೆ ಅವರು ಎರಡು ವಿರಾರ್ ಗಾಡಿ ಬಿಟ್ಟರು.

ಮರುದಿನ ಬೆಳಿಗ್ಗೆ ಟೂರ್ನಮೆಂಟಿನ ಫಿಸಿಯೋ ಊದಿದ ಮಣಿಕಟ್ಟು ಹಿಡಿದು ಹೇಗಾಯಿತೆಂದು ಕೇಳಿದಳು. ನಮ್ಮ ಮ್ಯಾನೇಜರ್ ಅಲ್ಲೇ ನಿಂತಿದ್ದರು.

"ಬಾತ್‌ರೂಮಿನಲ್ಲಿ ಜಾರಿದೆ" ಎಂದಳು ಮುತಾಲೆ.

ನಾನು ಫಿಸಿಯೋ ಕೈಗೆ ಪಟ್ಟಿಯ ಸುರುಳಿ ಕೊಟ್ಟೆ. ಪಟ್ಟಿ ಬಿಗಿಸಿಕೊಂಡು ಅವಳು ಆಡಿದಳು. ಸರ್ವ್‌ಗಳು ಒಂದಾದ ಮೇಲೊಂದು ನೆಟ್ಟಿಗೆ ಬಿದ್ದವು. ಮೊದಲ ಸೆಟ್ ಹೋಯಿತು. ಎರಡನೆಯದರ ನಡುವೆ ಅಂಪೈರ್ ಬಳಿ ನಡೆದು, ಆಟ ಬಿಟ್ಟು, ಎದುರಾಳಿಗೆ ಎಡಗೈ ಚಾಚಿದಳು.

ಆ ಸಂಜೆ ಅವಳು ಎಡಗೈಯಲ್ಲೇ ಬಟ್ಟೆ ಮಡಚುತ್ತಿದ್ದಾಗ ಕೇಳಿದೆ, ಯಾಕೆ ಸುಳ್ಳು ಹೇಳಿದೆ ಎಂದು.

"ಮೊರಾಕೊದಲ್ಲಿ ಮೊದಲ ವರ್ಷ ನಾನೂ ಎಲ್ಲದಕ್ಕೂ ಗೊತ್ತು, ಗೊತ್ತು ಎನ್ನುತ್ತಿದ್ದೆ" ಎಂದಳು. "ಏನೂ ಗೊತ್ತಿರಲಿಲ್ಲ."

ಮಣಿಕಟ್ಟು ಸರಿಯಾಗಲು ತಿಂಗಳುಗಳೇ ಹಿಡಿದವು. ಆಮೇಲೆ ಟ್ಯುನೀಷಿಯಾದಲ್ಲಿ ಗೆದ್ದಳು, ನೈರೋಬಿಯಲ್ಲಿ ಗೆದ್ದಳು. ತಪ್ಪಿಹೋದ ಮೆಟ್ಟಿಲುಗಳನ್ನು ಮತ್ತೆ ಹತ್ತುತ್ತಿದ್ದಾಳೆ. ಅವಳೂರಿನ ಪತ್ರಿಕೆಯೊಂದು ಅವಳ ಬಗ್ಗೆ ದೊಡ್ಡದಾಗಿ ಬರೆಯಿತು. ಮುಂಬೈಯಲ್ಲಿ ಬಾತ್‌ರೂಮಿನಲ್ಲಿ ಜಾರಿ ಬಿದ್ದದ್ದು ಅವಳ ಏರುದಾರಿಯ ಒಂದು ಅಡ್ಡಿ ಎಂದು ಅದರಲ್ಲಿದೆ. ಆಟದಲ್ಲೇ ಆದ ಉಳುಕು ಎಂದುಕೊಂಡಿದ್ದ ಸುಮಿತ್ರಕ್ಕನಿಗೆ ಓದಿ ಹೇಳಿದೆ.

"ದಿನಾ ತಿಕ್ಕಿ ತೊಳಿತೀನಿ. ನಮ್ಮ ಬಾತ್‌ರೂಮಿನ್ಯಾಗ ಜಾರೂದಂದ್ರ ಏನವಾ?" ಎಂದು ಅವರು ನೊಂದುಕೊಂಡರು. ಅವರಿಗೂ ನಾನು ಹೇಳಿಲ್ಲ.

ದೀಪಾವಳಿಗೆ ಧಾರವಾಡಕ್ಕೆ ಹೋದಾಗ ಅರ್ಧ ಖಾಲಿಯಿದ್ದ ಬಸ್ಸಿಗೆ ಮೊಣಕೈ ಮುಂದೆ ಮಾಡಿಕೊಂಡು ನುಗ್ಗಿದೆ. "ಎಲ್ಲಿಂದ ಬಂದೀಯವಾ? ಇಲ್ಲೆ ಎಲ್ಲಾರಿಗೂ ಸೀಟ್ ಸಿಗತಾವ" ಎಂದರು ಒಬ್ಬ ಅಜ್ಜ. ಇಲ್ಲಿ ಗೋರೆಗಾಂವ್‌ನಲ್ಲಿ ಖಾಲಿ ಡಬ್ಬಿ ಸಿಗುವವರೆಗೆ ಮೂರು ಮೂರು ಗಾಡಿ ಬಿಡುತ್ತೇನೆ. ಜೊತೆಯವರು ಹಳ್ಳಿಯವಳೆಂದು ಕಿಚಾಯಿಸುತ್ತಾರೆ. ಊರಿನ ಹೈಸ್ಕೂಲೊಂದರಲ್ಲಿ ಕೆಲಸ ಖಾಲಿಯಿದೆ, ಬಂದುಬಿಡು ಎನ್ನುತ್ತಾಳೆ ಅವ್ವ. ಅರ್ಜಿ ತುಂಬಿಟ್ಟಿದ್ದೇನೆ. ಕಳೆದ ವಾರ ಮುತಾಲೆಯ ಸಂದೇಶ ಬಂತು. ಈ ಚಳಿಗಾಲದಲ್ಲಿ ಮತ್ತೆ ಬರುತ್ತಾಳಂತೆ. ನಿನ್ನ ಕೋಣೆಯಲ್ಲೇ ಇರುತ್ತೇನೆ, ನೀನು ಇರುತ್ತೀಯಲ್ಲ ಎಂದು ಕೇಳಿದ್ದಾಳೆ. ಇರುತ್ತೇನೆ ಎಂದು ಬರೆದೆ.

ನಡೆದದ್ದನ್ನು ನಡೆದ ಹಾಗೆ ನಾನು ಮೊದಲ ಸಲ ಹೇಳುತ್ತಿರುವುದು ಇಲ್ಲಿ, ನಿಮಗೆ. ನನ್ನ ಆಫೀಸಿನಲ್ಲಿ ಕನ್ನಡ ಓದುವವರು ಒಬ್ಬರೂ ಇಲ್ಲ. ಅವಳು ಬರುವುದರೊಳಗೆ ಮ್ಯಾನೇಜರಿಗೆ ಹಿಂದಿಯಲ್ಲಿ ಹೇಳಬೇಕು, ಅವಳೂರಿನ ಪತ್ರಿಕೆಗೆ ಇಂಗ್ಲಿಷಿನಲ್ಲಿ ಬರೆಯಬೇಕು. ಹೇಳಿದ ಮೇಲೆ ಈ ಊರು ನನ್ನನ್ನು ಇಟ್ಟುಕೊಳ್ಳುತ್ತದೋ ಇಲ್ಲವೋ ತಿಳಿಯದು. ಮ್ಯಾನೇಜರ್ ಕೋಣೆಯ ಬಾಗಿಲ ತನಕ ಎರಡು ಸಲ ಹೋಗಿ, ಹೇಳದೆ ಮರಳಿದ್ದೇನೆ.